ಇಲ್ಲದ ಸಕ್ಕರೆ ಕಾಯಿಲೆ

ಅಮ್ಮಾ,

ನೀನು ಸ್ನಾನಕ್ಕೆ ಹೋಗಿದೀಯ, ಕಾಯ್ತಾ ಕೂತರೆ ನನಗೆ ತಡ ಆಗತ್ತೆ. ಇನ್ಶೂರೆನ್ಸ್ ಆಫೀಸಿಗೆ ಅಪೀಲು ಕೊಡೋಕೆ ಹೋಗ್ತಾ ಇದೀನಿ. ಅಪ್ಪನಿಗೆ ಮೊದಲಿಂದಲೂ ಸಕ್ಕರೆ ಕಾಯಿಲೆ ಇತ್ತು, ಅದನ್ನ ಮುಚ್ಚಿಟ್ಟು ಪಾಲಿಸಿ ಮಾಡಿಸಿದಾರೆ ಅಂತ ಹಾರ್ಟ್ ಆಪರೇಷನ್ನಿನ ಕ್ಲೇಮನ್ನೇ ತಳ್ಳಿಹಾಕಿದಾರಲ್ಲ, ಅದು ಸುಳ್ಳು ಅಂತ ತೋರಿಸೋಕೆ ಅತ್ತಿಗುಪ್ಪೆ ಲ್ಯಾಬಿನ ಹಳೇ ರಿಪೋರ್ಟೆಲ್ಲ ತಗೊಂಡಿದೀನಿ.

ಅಪೀಲು ಕೊಟ್ಟ ಮೇಲೆ ವಿಚಾರಿಸೋಕೆ ಇವತ್ತೇ ಇನ್ಶೂರೆನ್ಸಿನಿಂದ ಇನ್ನೊಬ್ಬರು ಮನೆಗೆ ಬಂದರೂ ಬರಬಹುದು. ಕಾಫಿ ಕೊಡು, ಬೇಡ ಅನ್ನಲ್ಲ. ಆದರೆ ಹೋದ ಸಲ ಬಂದವನನ್ನ ಕೂರಿಸಿ, ಉಪ್ಪಿಟ್ಟು ಕೊಟ್ಟು, "ನಮ್ಮನೆಯವರ ಶುಗರ್‌ನ ಒಂದು ಮಾತ್ರೆ ಇಲ್ದೆ ಬರೀ ಮೆಂತ್ಯದ ನೀರಲ್ಲೇ ಹದ್ದುಬಸ್ತಿನಲ್ಲಿ ಇಟ್ಟಿದೀನಿ ಕಣಪ್ಪಾ" ಅಂತ ಜಂಬ ಕೊಚ್ಚಿಕೊಂಡೆಯಲ್ಲ, ಹಾಗೆ ಮಾಡಬೇಡ. ಇಲ್ಲದ ಕಾಯಿಲೆನ ನೀನೇ ವಾಸಿ ಮಾಡಿದೆ! ಅವನು ಅದನ್ನೇ ಬರ್ಕೊಂಡು ಹೋದ. ತಾತನಿಗೆ ಶುಗರ್ ಇತ್ತು, ಆ ಹೆದರಿಕೆಗೆ ಮನೆಮಂದಿಗೆಲ್ಲ ದಿನಾ ಕುಡಿಸ್ತೀನಿ ಅಂತ ಹೇಳು. ಅದೇ ತಾನೇ ನಿಜ?

ತಿಂಡಿ ಮುಚ್ಚಿಟ್ಟಿದೀನಿ, ತಿನ್ನು. ನಿನ್ನೆ ತಟ್ಟೆ ಹಾಗೇ ಇತ್ತು.

ನಿನ್ನೆ ವಾರ್ಡಿನಲ್ಲಿ ಅಪ್ಪ ಕೇಳಿದ್ರು, "ನಿಮ್ಮಮ್ಮ ಮೆಂತ್ಯದ ನೀರು ಯಾಕೆ ಕಳಿಸ್ತಿಲ್ಲ? ನನ್ಮೇಲೆ ಕೋಪಾನಾ?" ಕ್ಲೇಮಿನ ವಿಷಯ ಅವರಿಗಿನ್ನೂ ಗೊತ್ತಿಲ್ಲ. ಹೇಳೋಕೆ ನನ್ನ ಕೈಲಾಗಲಿಲ್ಲ. ಕುಡೀಬಹುದಾ ಅಂತ ಡಾಕ್ಟರನ್ನ ಕೇಳಿದೆ, ಕುಡೀಲಿ ಅಂದ್ರು.

ನೀನು ಸಜ್ಜೆ ಮೇಲೆ ಎತ್ತಿಟ್ಟಿದ್ದ ಮೆಂತ್ಯದ ಡಬ್ಬಿ ಕೆಳಗಿಳಿಸಿದೀನಿ. ರಾತ್ರಿ ನೆನೆಹಾಕು. ಬೆಳಿಗ್ಗೆ ನನ್ನ ಕೈಲಿ ಕಳಿಸಬೇಡ, ನೀನೇ ತಗೊಂಡು ಹೋಗು.

ರಾಗಿಣಿ