ಬಾಲ ಕಡಿದ ತೊರಕೆಗಳ ನಕ್ಷೆ

ಮೀನು ಸಮೀಕ್ಷೆಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ತಮ್ಮ ನಕ್ಷೆ ಸುಳ್ಳು. ಚಿಟ್ಟೆ ತೊರಕೆ ಎಂಬ ಚಪ್ಪಟೆ ಮೀನು ಕರಾವಳಿಯುದ್ದಕ್ಕೂ ‘ಹೇರಳ’ ಎನ್ನುತ್ತದೆ ಅದು. ಅದನ್ನೇ ನಂಬಿ ಮುಂದಿನ ತಿಂಗಳಿನಿಂದ ನಮ್ಮ ಆಳವಿಲ್ಲದ ಕೊಲ್ಲಿಗೆ ಟ್ರಾಲರ್ ದೋಣಿಗಳನ್ನು ಬಿಡಲು ಅನುಮತಿ ಕೊಟ್ಟಿದ್ದೀರಿ. ಸುಳ್ಳೆಂದು ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀ ಎಂದು ಕೇಳಬಹುದು. ಆ ನಕ್ಷೆಯ ಅಂಕಿಗಳಲ್ಲಿ ಹನ್ನೊಂದು ವರ್ಷದ ಪಾಲು ನನ್ನ ಕೈಬರಹದಲ್ಲಿದೆ.

ನಾನು ಬಂದರಿನಲ್ಲಿ ಮೀನು ಎಣಿಸುವವನು. ತಾವು ಕೊಟ್ಟ ನಮೂನೆಯಲ್ಲಿ ತೊರಕೆಗೆ ಎರಡೇ ಕಲಂ: ಬಾಲ ಚಾಟಿಯಂತೆ ಉದ್ದವಿದ್ದರೆ ಮುಳ್ಳು ತೊರಕೆ, ಗಿಡ್ಡವಿದ್ದರೆ ಚಿಟ್ಟೆ ತೊರಕೆ. ಆದರೆ ಬಾಲದ ಮುಳ್ಳು ಚುಚ್ಚಿದರೆ ಕೈಬಾವು ವಾರಗಟ್ಟಲೆ ಇಳಿಯದು. ಹಾಗಾಗಿ ದೋಣಿಯವರು ಬಲೆಯಿಂದ ಬಿಡಿಸಿದ ಕೂಡಲೇ ಬಾಲ ಕಡಿದು ಕಡಲಿಗೆಸೆಯುತ್ತಾರೆ. ದಡಕ್ಕೆ ಬರುವುದು ಐಸ್ ಪೆಟ್ಟಿಗೆಯಲ್ಲಿ ಮಡಚಿ ಒತ್ತಿದ ಮೊಂಡು ಮೀನು. ನೋಡಿದೆ, ಗಿಡ್ಡ ಬಾಲ ಕಂಡಿತು, ಬರೆದೆ.

ತಪ್ಪು ಹಿಡಿದವಳು ಅದೇ ಶೆಡ್ಡಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಮೀನು ಬೇರ್ಪಡಿಸುವ ನನ್ನ ಅಕ್ಕ. ಒಂದು ದಿನ ಊಟದ ಬಿಡುವಿನಲ್ಲಿ ನನ್ನ ಹಾಳೆ ಇಣುಕಿ ನೋಡಿದಳು.

“ಇವತ್ತು ನಲವತ್ತು ಚಿಟ್ಟೆನಾ? ಎಲ್ಲಿ, ಒಂದು ತೋರ್ಸೋ.”

“ಬಾಲ ಗಿಡ್ಡ ಇದೆಯಲ್ಲಕ್ಕಾ.”

“ಕಡಿದ್ರೆ ಎಲ್ಲಾನೂ ಗಿಡ್ಡಾನೇ ಅಲ್ವೇನೋ, ಪೆದ್ದಣ್ಣ?”

ಪೆಟ್ಟಿಗೆಗಳನ್ನು ನೆಲಕ್ಕೆ ಸುರಿದು ಒಂದೊಂದನ್ನೂ ಬಿಡಿಸಿ ಹಾಸಿದಳು. ಮೂವತ್ತೊಂಬತ್ತು ತಟ್ಟೆಯಂತೆ ಗುಂಡಗಿದ್ದವು, ಎಲ್ಲವೂ ಮುಳ್ಳು ತೊರಕೆ. ಚಿಟ್ಟೆಯಂತೆ ರೆಕ್ಕೆ ಚಾಚಿ, ಉದ್ದದ ಎರಡರಷ್ಟು ಅಗಲವಿದ್ದದ್ದು ಒಂದೇ. ಅದು ಹೆಣ್ಣು, ಬಲೆಯ ಒತ್ತಡಕ್ಕೆ ಹೊರಬಿದ್ದ ಎರಡು ಮರಿ ಅದರ ಹೊಟ್ಟೆಗೆ ಅಂಟಿಕೊಂಡಿದ್ದವು. ಅಕ್ಕನ ನಗು ನಿಂತಿತು.

“ಕೊಲ್ಲಿಯ ದೋಣಿ ಬಿಟ್ರೆ ಬೇರೆ ಯಾವುದ್ರಲ್ಲೂ ಇದು ಬಂದಿದ್ದಿಲ್ಲ ಕಣೋ. ಎರಡು ವರ್ಷದಲ್ಲಿ ನಾನು ನೋಡಿದ್ದು ಇದೊಂದೇ.”

ಮೂರು ಪತ್ರ ಬರೆದೆ. ತಮ್ಮ ಕಚೇರಿಯಿಂದ ಬಂದದ್ದು ಒಂದೇ ಸಾಲು: ‘ನಕ್ಷೆ ಈಗಾಗಲೇ ಮುದ್ರಣಗೊಂಡಿದೆ.’ ಇನ್ನು ಮೀನೇ ನಕ್ಷೆ ನೋಡಿಕೊಂಡು ಈಜಬೇಕೇ? ‘ಅನುಭವಿ ಎಣಿಕೆದಾರರ ದಾಖಲೆ’ ಎಂದು ತಮ್ಮ ವರದಿ ನನ್ನನ್ನು ಹೊಗಳಿದೆ. ಆ ಅನುಭವಿಯೇ ‘ತಪ್ಪಾಯಿತು’ ಎಂದರೆ ಮಾತ್ರ ಯಾರಿಗೂ ಕಿವಿ ಕೇಳುವುದಿಲ್ಲವೇ?

ಕೊಲ್ಲಿಯ ಅನುಮತಿ ತಡೆಹಿಡಿಯಿರಿ. ಬಾಲ ಕಡಿಯುವ ಮೊದಲೇ, ದೋಣಿಯಲ್ಲೇ ಎಣಿಸಲು ತಿಳಿದವರೊಬ್ಬರನ್ನು ಕಳಿಸಿ. ನನ್ನನ್ನು ಕೆಲಸದಿಂದ ತೆಗೆಯುವುದಿದ್ದರೆ ತೆಗೆಯಿರಿ, ಆದರೆ ಮೊದಲು ನನ್ನ ಅಂಕಿಗಳನ್ನು ನಕ್ಷೆಯಿಂದ ತೆಗೆಯಿರಿ. ಆ ಎರಡು ಮರಿಗಳನ್ನು ಗಾಜಿನ ಡಬ್ಬಿಯಲ್ಲಿಟ್ಟು ತಮ್ಮ ಕಚೇರಿಗೆ ಕಳಿಸಿದ್ದೇನೆ. ಅವುಗಳ ಗಿಡ್ಡ ಬಾಲ ನೋಡಿ. ಯಾರೂ ಕಡಿದದ್ದಲ್ಲ.

ಇಂತಿ,
ತಮ್ಮ ‘ಹೇರಳ’ವನ್ನು ಬರೆದುಕೊಟ್ಟವನು