ತೊಟ್ಟಿಲ ಕೆಳಗಿನ ಕಬ್ಬಿಣ

ಸುಮಂಗಲಾನ ಅಪ್ಪಾರಿಗೆ,

ಮಗಳು ಹೆತ್ತಳು, ಗಂಡು ಮಗು. ಕೆಟ್ಟ ದೃಷ್ಟಿ ತಾಗದಿರಲೆಂದು, ನೀವು ಅಲ್ಜೀರಿಯಾದ ಮರಳುಗಾಡಿನಿಂದ ತಂದಿದ್ದ ಕಬ್ಬಿಣದ ತುಂಡನ್ನೇ ತೊಟ್ಟಿಲ ಕೆಳಗೆ ಇಟ್ಟಿದ್ದೆ. ಪರದೇಶದ ಕಬ್ಬಿಣಕ್ಕೆ ಶಕ್ತಿ ಹೆಚ್ಚೆಂದು ವಾಳೂಜಿನ ನಮ್ಮ ಚಾಳಿನ ಸಾಲುಮನೆಗಳಲ್ಲಿ ಯಾರು ಹೆತ್ತರೂ ಅದನ್ನೇ ಕೇಳಿ ಒಯ್ಯುತ್ತಿದ್ದರು.

ಅಲ್ಜೀರಿಯಾದಲ್ಲಿ ನಿಮ್ಮ ಜೊತೆ ವೆಲ್ಡಿಂಗ್ ಮಾಡುತ್ತಿದ್ದ ಚನಬಸಪ್ಪ ಇವತ್ತು ಮಗುವನ್ನು ನೋಡಲು ಬಂದ. ತೊಟ್ಟಿಲ ಕೆಳಗೆ ಕಣ್ಣು ಹೋದದ್ದೇ ಹಿಂದೆ ಸರಿದ.

“ವೈನಿ, ಮೊದಲು ಅದನ್ನ ತಗೀರಿ. ಫ್ರೆಂಚರು ಆಳೂಮುಂದ ಆ ಉಸುಕಿನಾಗ ಅಣುಬಾಂಬ್ ಸಿಡಿಸಿ, ಎಲ್ಲಾ ಹಂಗ ಬಿಟ್ಟು ಹೋಗ್ಯಾರ. ಅಲ್ಲಿನ ಕಬ್ಬಿಣದಾಗ ಅದರ ವಿಷ ಇನ್ನೂ ಆರಿಲ್ಲ. ಅಲ್ಲಿ ಮಂದಿಗೆ ಇವತ್ತಿಗೂ ರೋಗ ಬಿಟ್ಟಿಲ್ಲ.”

ನಿಮ್ಮ ರಕ್ತ ಕೆಟ್ಟದ್ದು ಯಾತಕ್ಕೆಂದು, ನೀವು ತೀರಿಕೊಳ್ಳುವವರೆಗೂ ಯಾವ ಡಾಕ್ಟರೂ ಹೇಳಲಿಲ್ಲ.

ಎಸೆಯಲು ಹೊರಟೆ. ಎಲ್ಲಿ ನೋಡಿದರೂ ಮಕ್ಕಳು ಆಡುತ್ತಿದ್ದರು. ಉಡಿಯಲ್ಲಿಟ್ಟುಕೊಂಡು ಹೊಸ್ತಿಲಲ್ಲಿ ಕೂತಿದ್ದೇನೆ. ಒಳಗೆ ಮಗು ಅಳುತ್ತಿದೆ. ಎತ್ತಿಕೊಳ್ಳಲು ಕೈ ಬರುತ್ತಿಲ್ಲ.