ಇನ್ನೂರು ಸುಣ್ಣದ ಡಬ್ಬಿಗಳು

ಬಂಟ್ವಾಳ ಪೇಟೆ
೧೪-೧೦-೧೯೫೮

ನಮ್ಮ ಮನೆಯವರ ಪಾದಗಳಿಗೆ ಕಾಂತಿಯ ನಮಸ್ಕಾರ.

ಇಲ್ಲಿ ಕ್ಷೇಮ ಎಂದು ಮೊದಲು ಬರೆಯಬೇಕಂತೆ. ಸುಳ್ಳು ಬರೆಯಲಾರೆ. ಈ ಕಾಗದ ಅಂಗಡಿಯ ವಿಷಯಕ್ಕೆ ಮಾತ್ರ. ನೀವು ಕಕ್ಕಿಂಜೆಯ ಮರದ ಡಿಪೋದಲ್ಲಿ ಗುಮಾಸ್ತರಾಗಿ ಸುಖವಾಗಿರಿ, ನನಗೇನು?

ಎದುರಿನ ಹೊಸ ಹೊಗೆಸೊಪ್ಪಿನಂಗಡಿಯವನು ಗಿರಾಕಿಗಳಿಗೆಲ್ಲ ಲಕ್ಷ್ಮಿಯ ಚಿತ್ರದ ಕ್ಯಾಲೆಂಡರ್ ಹಂಚಿದ. ನಮ್ಮ ಗಿರಾಕಿಗಳು ಒಬ್ಬೊಬ್ಬರಾಗಿ ಆಚೆ ದಾಟಿದರು. ನಾನೂ ಏನಾದರೂ ಕೊಡಬೇಕಲ್ಲ? ದೇವರ ಚಿತ್ರ ಆಸ್ಯಮ್ಮನಂಥ ಮುಸ್ಲಿಂ ಗಿರಾಕಿಗಳ ಮನೆಯ ಗೋಡೆಗೆ ಆಗುವುದಿಲ್ಲ. ಬೀಸಣಿಗೆ ಸೆಕೆ ಇಳಿದ ಮೇಲೆ ಮೂಲೆಗೆ. ಎಲೆಯಡಿಕೆ ಮಾತ್ರ ಎಲ್ಲ ಜಾತಿಗೂ ಎಲ್ಲ ಕಾಲಕ್ಕೂ ಬೇಕು. ಹಾಗಾಗಿ ಮೂಡುಬಿದಿರೆಯ ತಗಡಿನ ಕೆಲಸದ ಅಣ್ಣುವಿನಿಂದ ಇನ್ನೂರು ಸುಣ್ಣದ ಡಬ್ಬಿ ಮಾಡಿಸಿದೆ. ಬಾಯಲ್ಲಿ ಹೇಳದ ನಿಮ್ಮ ಹೆಸರನ್ನು ಮುಚ್ಚಳದ ಮೇಲೆ ಒತ್ತಿಸಿದೆ: ಲೋಕನಾಥ ಹೊಗೆಸೊಪ್ಪಿನ ಅಂಗಡಿ, ಬಂಟ್ವಾಳ.

ಆಮೇಲೆ ನನ್ನ ಬುದ್ಧಿಗೆ ಮಂಕು ಕವಿಯಿತು. ಖಾಲಿ ಕೊಟ್ಟರೇನು ಚೆಂದ ಎಂದು ಎಲ್ಲದರಲ್ಲೂ ಸುಣ್ಣ ತುಂಬಿಸಿ, ಸಂತೆಯ ದಿನ ಬಾಗಿಲಲ್ಲಿ ನಿಂತು ಹಲ್ಲು ಕಿರಿಯುತ್ತಾ ಬಂದವರ ಕೈಗೇ ಕೊಡಲು ಹೋದೆ. ಬೀಯಮ್ಮ ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡಳು. "ಏನು ಕಾಂತಿಯಕ್ಕ, ಸುಣ್ಣ ಕೈಯಿಂದ ಕೈಗೆ ಕೊಡ್ಲಿಕ್ಕುಂಟಾ? ನಮ್ಮೊಳಗೆ ಜಗಳ ಆಗ್ಬೇಕಾ?" ಎಂದಳು. ಹಿಂದೆ ನಿಂತಿದ್ದ ಚಿನ್ನಯ್ಯ, "ಗಂಡನಿಗೂ ಹೀಗೆಯೇ ಕೊಟ್ಟದ್ದಾಗಿರ್ಬೇಕು ಮಾರಾಯ್ರೆ, ಅದಕ್ಕೇ ಅವರು ಹೋದದ್ದು" ಎಂದ. ಎಲ್ಲರೂ ನಕ್ಕರು. ಆ ಶಾಸ್ತ್ರ ನನಗೆ ಗೊತ್ತಿಲ್ಲದ್ದೇ? ತಲೆ ನೆಟ್ಟಗಿರಬೇಕಲ್ಲ! ಡಬ್ಬಿಗಳು ಹಾಗೆಯೇ ಬಿದ್ದುಕೊಂಡಿವೆ.

ನಮ್ಮ ಜಗಳ ಸುಣ್ಣ ಕೊಟ್ಟು ಆದದ್ದಲ್ಲ, ಕಿತ್ತುಕೊಂಡು ಆದದ್ದು. ಅದು ಚಿನ್ನಯ್ಯನಿಗೆ ಗೊತ್ತಿಲ್ಲ. ಅಂಗಡಿಯ ಹಲಗೆಯ ಮೇಲೆ ನೀವು ದಿನಾ ಒಂದು ಕರಟದಲ್ಲಿ ಸುಣ್ಣ ಇಡುತ್ತಿದ್ದಿರಿ. ಹೋಗಿಬರುವವರು ತಾವಾಗಿಯೇ ತೆಗೆದುಕೊಂಡು, ನಿಮ್ಮೊಡನೆ ಎರಡು ಮಾತಾಡಿ, ಹೊಗೆಸೊಪ್ಪು ಕಟ್ಟಿಸಿಕೊಂಡು ಹೋಗುತ್ತಿದ್ದರು. ಬಿಟ್ಟಿ ಸುಣ್ಣಕ್ಕೆ ಬರುವ ಸೋಮಾರಿಗಳು ಎಂದು ಅವರೆದುರಿಗೇ ನಾನು ಕರಟವನ್ನು ಚರಂಡಿಗೆ ಎಸೆದೆ. ನಿಮಗೆ ವ್ಯಾಪಾರ ಗೊತ್ತಿಲ್ಲ ಎಂದೂ ಹೇಳಿದೆ. ನೀವು ಅಂಗಿ ಹಾಕಿಕೊಂಡು ಹೊರಟುಹೋದಿರಿ. ಬೈದಿದ್ದರೂ ಆಗುತ್ತಿತ್ತು. ವ್ಯಾಪಾರ ಗೊತ್ತಿಲ್ಲದ್ದು ನನಗೆ.

ಅಂಗಡಿ ಕೋಣೆಯ ಮಾಲಿಕ ಧರ್ಣಪ್ಪಣ್ಣ ನಿನ್ನೆ ಬಂದಿದ್ದರು, ನಾಳೆ ಪುನಃ ನೋಡಲು ಬರುತ್ತಾರಂತೆ. ಇನ್ನು ಮೇಲೆ ಒಂದೇ ಒಂದು ದಿನ ಬಾಗಿಲು ಮುಚ್ಚಿದ್ದು ಕಂಡರೂ ಕೋಣೆಯನ್ನು ಎದುರಿನವನಿಗೆ ಕೊಡುತ್ತಾರಂತೆ. ದಿನವಿಡೀ ಯಾರೂ ಬಾರದ ಅಂಗಡಿಯಲ್ಲಿ ಒಬ್ಬಳೇ ಕೂತು ಕೂತು ಸಾಕಾಗಿದೆ. ಅಳುವುದಕ್ಕೂ ಆಗುವುದಿಲ್ಲ, ಎದುರಿನವನು ನೋಡುತ್ತಾನೆ. ಜನರಿಗೆ ಇನ್ನು ಏನು ಕೊಡಲಿ? ನೀವೇ ಹೇಳಿ.

ಇಂತಿ,
ಇನ್ನೂ ಸಿಟ್ಟಿನಲ್ಲೇ ಇರುವ ನಿಮ್ಮ
ಕಾಂತಿ

ತಾ.ಕ.: ನಿಮ್ಮ ಡಿಪೋಗೆ ಬರುವ ಲಾರಿಯ ಅಬ್ದುಲ್ ಶುಕೂರ್ ಇಂದು ರಾತ್ರಿಯೇ ಈ ಕಾಗದದ ಜೊತೆಗೆ ಒಂದು ಡಬ್ಬಿಯನ್ನು ನಿಮ್ಮ ಹೊಸ್ತಿಲ ಮೇಲೆ ಇಡುತ್ತಾರೆ. ಕೈಗೆ ಕೊಡಬೇಡಿ ಎಂದು ಎರಡೆರಡು ಸಲ ಹೇಳಿದ್ದೇನೆ. ಅದರಲ್ಲಿ ಸುಣ್ಣ ಇಲ್ಲ, ಅಂಗಡಿಯ ಬೀಗದ ಕೈ ಉಂಟು. ಇರುವುದು ಅದೊಂದೇ. ಬೀಗ ಹಾಕಿಯಾಯಿತು. ನಾಳೆ ಧರ್ಣಪ್ಪಣ್ಣ ಬರುವ ಮೊದಲು ನೀವೇ ಬಂದು ತೆರೆಯಬೇಕು. ಹೊಸ ಕರಟವನ್ನು ನುಣ್ಣಗೆ ಕೆರೆದು ಇಟ್ಟಿದ್ದೇನೆ.